ಬೇಂದ್ರೆಯವರ ಪುಟ ತಿದ್ದುವಾಗ

ವಿಕಿಪೀಡಿಯದಲ್ಲಿ ಬೇಂದ್ರೆಯವರ ಪುಟ ತೆರೆದರೆ ನಾನು ಮೊದಲು ಪ್ರಶಸ್ತಿಗಳ ಸಾಲು ನೋಡುತ್ತೇನೆ. ‘ಅರಳು ಮರಳು’ಗೆ 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ನಾಕು ತಂತಿ’ಗೆ 1973ರ ಜ್ಞಾನಪೀಠ. ಇವು ಅದಲುಬದಲಾದರೆ ಮಕ್ಕಳು ಪರೀಕ್ಷೆಯಲ್ಲೂ ಹಾಗೇ ಬರೆಯುತ್ತಾರೆ, ಅಲ್ವಾ?

‘ಸಂಪಾದಿಸಿ’ ಒತ್ತಿ, ಇಸವಿ ಸರಿಮಾಡಿ, ಪಕ್ಕದಲ್ಲೇ ಪುಸ್ತಕದ ಹೆಸರು, ಪುಟಸಂಖ್ಯೆ ಸಮೇತ ಆಧಾರ ಕೊಡಿ. ಆಧಾರವಿಲ್ಲದ ತಿದ್ದುಪಡಿಯನ್ನು ಬೇರೆಯವರು ಅಳಿಸಿಬಿಡಬಹುದು. ಏನು ಬದಲಿಸಿದಿರಿ ಅಂತ ಸಾರಾಂಶದಲ್ಲಿ ಒಂದು ಸಾಲು ಸಾಕು.

‘ಮಹಾನ್ ಚೇತನ’ದಂಥ ಹೊಗಳಿಕೆ ತೆಗೆಯಿರಿ. ವರಕವಿ ಅಂದರೆ ನನಗೂ ಪ್ರಾಣ. ಆದರೆ ಆ ಜಾಗದಲ್ಲಿ ಸಂಕಲನಗಳ ಹೆಸರು, ಇಸವಿ ಇದ್ದರೆ ಓದುಗರಿಗೆ ಉಪಯೋಗ.

ಪೂರ್ತಿ ಕವನ ಮಾತ್ರ ಹಾಕಬೇಡಿ. ಅವರು ತೀರಿಕೊಂಡದ್ದು 1981ರಲ್ಲಿ, ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲ. ಯಾರಾದರೂ ತಕರಾರು ತೆಗೆದರೆ ಸುಮ್ನೆ ಜಗಳ ಬೇಡ, ‘ಚರ್ಚೆ’ ಪುಟದಲ್ಲಿ ಆಧಾರ ಇಟ್ಟು ಮಾತಾಡಿ.