ಪಿಂಗ್ ಹೋಗುತ್ತೆ, ಬ್ಯಾಕಪ್ ಹೋಗಲ್ಲ: ಎರಡು ವರ್ಚುವಲ್ ಡೇಟಾಸೆಂಟರ್‌ಗಳ ನಡುವೆ ಸಿಕ್ಕ ತೊಂದರೆ

ಎರಡು ವರ್ಚುವಲ್ ಡೇಟಾಸೆಂಟರ್‌ಗಳನ್ನು ಐಪಿಸೆಕ್ ವಿಪಿಎನ್ (ಡೇಟಾವನ್ನು ಗೂಢಲಿಪಿ ಮಾಡಿ ಸಾಗಿಸುವ ಖಾಸಗಿ ದಾರಿ, ಅಂದರೆ ಟನಲ್) ಮೂಲಕ ಜೋಡಿಸಿದ್ದೆ. ಟನಲ್ ಚಾಲೂ ಇತ್ತು. ಪಿಂಗ್ (ಆ ಕಡೆಯ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಚಿಕ್ಕ ಸಂದೇಶ) ಹೋಗುತ್ತಿತ್ತು, ಎಸ್‌ಎಸ್‌ಎಚ್ ಮೂಲಕ ದೂರದಿಂದ ಲಾಗಿನ್ ಕೂಡ ಆಗುತ್ತಿತ್ತು. ಆದರೆ ಡೇಟಾಬೇಸ್ ಬ್ಯಾಕಪ್ ಕಳಿಸಿದರೆ ಶುರುವಿನಲ್ಲೇ ನಿಂತುಬಿಡುತ್ತಿತ್ತು. ಎರರ್ ಸಹ ಇಲ್ಲ.

ಚಿಕ್ಕದು ಹೋಗಿ ದೊಡ್ಡದು ಹೋಗದಿದ್ದರೆ ಮೊದಲು ನೋಡಬೇಕಾದ್ದು ಎಂಟಿಯು, ಅಂದರೆ ಒಂದು ದಾರಿಯಲ್ಲಿ ತುಂಡಾಗದೆ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಅಳತೆ. ಲಿನಕ್ಸ್ ವಿಎಂನಿಂದ (ವರ್ಚುವಲ್ ಮೆಷಿನ್), ಪ್ಯಾಕೆಟ್ ತುಂಡು ಮಾಡಬಾರದು ಅನ್ನುವ ಆಯ್ಕೆ ಹಾಕಿ 1472 ಬೈಟ್‌ನ ಪಿಂಗ್ ಕಳಿಸಿದೆ. 28 ಬೈಟ್ ಹೆಡರ್ ಸೇರಿದರೆ ಅದು 1500, ಈಥರ್ನೆಟ್‌ನ ಸಾಮಾನ್ಯ ಮಿತಿ. ಉತ್ತರ ಬರಲಿಲ್ಲ. ಅಳತೆ ಇಳಿಸುತ್ತಾ ಹೋದೆ, 1372ಕ್ಕೆ ಬಂತು. ಅಂದರೆ ಈ ದಾರಿಯ ಎಂಟಿಯು ಸುಮಾರು 1400.

ಐಪಿಸೆಕ್ ಪ್ರತಿ ಪ್ಯಾಕೆಟ್‌ಗೂ ತನ್ನ ಹೆಡರ್ ಸೇರಿಸುತ್ತದೆ, ಹಾಗಾಗಿ ಒಳಗೆ ಜಾಗ ಕಮ್ಮಿ. ಪ್ಯಾಕೆಟ್ ದೊಡ್ಡದಾದರೆ ಗೇಟ್‌ವೇ (ಟನಲ್‌ನ ತುದಿಯ ಸಾಧನ) ಐಸಿಎಂಪಿ ಸಂದೇಶ ಕಳಿಸಿ ಅದನ್ನು ತಿಳಿಸಬೇಕು; ಐಸಿಎಂಪಿ ಅಂದರೆ ನೆಟ್‌ವರ್ಕ್‌ನ ತೊಂದರೆ ತಿಳಿಸುವ ಸಂದೇಶಗಳ ವ್ಯವಸ್ಥೆ, ಪಿಂಗ್ ಕೂಡ ಇದರದ್ದೇ. ಇಲ್ಲಿ ಫೈರ್‌ವಾಲ್ ಐಸಿಎಂಪಿಯಲ್ಲಿ ಪಿಂಗ್ ಒಂದನ್ನು ಬಿಟ್ಟು ಉಳಿದಿದ್ದೆಲ್ಲ ತಡೆಯುತ್ತಿತ್ತು. ಕಳಿಸುವ ಸರ್ವರ್‌ಗೆ ವಿಷಯವೇ ಗೊತ್ತಾಗದೆ, ಸುಮ್ನೆ ಅದೇ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಿತ್ತು. ಭದ್ರತೆ ಅಂತ ಐಸಿಎಂಪಿ ಪೂರ್ತಿ ಮುಚ್ಚುವುದು ನನ್ನ ಪ್ರಕಾರ ಒಳ್ಳೆಯ ಅಭ್ಯಾಸವಲ್ಲ.

ಫೈರ್‌ವಾಲ್‌ನಲ್ಲಿ ಐಸಿಎಂಪಿ ಟೈಪ್ 3, ಕೋಡ್ 4ಕ್ಕೆ, ಅಂದರೆ ಪ್ಯಾಕೆಟ್ ದೊಡ್ಡದಾಯಿತು ಎಂದು ತಿಳಿಸುವ ಆ ಸಂದೇಶಕ್ಕೆ, ದಾರಿ ಬಿಟ್ಟೆ. ಗೇಟ್‌ವೇಯಲ್ಲಿ ಟಿಸಿಪಿ ಎಂಎಸ್‌ಎಸ್ ಅನ್ನು (ಒಂದು ಟಿಸಿಪಿ ಪ್ಯಾಕೆಟ್‌ನಲ್ಲಿ ಹೋಗಬಹುದಾದ ಗರಿಷ್ಠ ಡೇಟಾ) 1360ಕ್ಕೆ ಮಿತಿಗೊಳಿಸಿದೆ: 1400ರಲ್ಲಿ ಐಪಿ ಮತ್ತು ಟಿಸಿಪಿ ಹೆಡರ್‌ನ 40 ಕಳೆದದ್ದು. ಬ್ಯಾಕಪ್ ಪೂರ್ತಿ ಹೋಯಿತು. ಎಂಎಸ್‌ಎಸ್ ಸಂಪರ್ಕದ ಆರಂಭದಲ್ಲೇ ಗೊತ್ತಾಗುವುದರಿಂದ, ಬದಲಾಯಿಸಿದ ಮೇಲೆ ಹಳೆಯ ಸಂಪರ್ಕಗಳನ್ನು ಮುಚ್ಚಿ ಹೊಸದಾಗಿ ತೆರೆಯಿರಿ.