ರಜೆಯ ಮನೆಯಲ್ಲಿ ನಮ್ಮದೇ ಅಡುಗೆ: ಕಾರವಾರದಿಂದ ಶಿರಸಿವರೆಗೆ

ಹುಬ್ಬಳ್ಳಿಯಿಂದ ಕರಾವಳಿಗೆ ಇಳಿದಾಗಲೆಲ್ಲ ನಾವು ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯುತ್ತೇವೆ. ಅತ್ತೆಗೆ ಬಿಪಿ ಇದೆ, ಉಪ್ಪು ಕಮ್ಮಿ ಇರಬೇಕು. ಮಗಳಿಗೆ ಖಾರ ಆಗುವುದಿಲ್ಲ. ಇದರ ಜೊತೆಗೆ ನನ್ನದೂ ಒಂದು ಆಸೆ ಇದೆ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಎಲ್ಲ ಒಂದೇ ಜಿಲ್ಲೆ. ಆದರೂ ಒಂದೊಂದು ಪೇಟೆಯಲ್ಲಿ ಸಿಗುವ ಸಾಮಾನು ಒಂದೊಂದು ಥರ. ಅಷ್ಟು ಚೆಂದದ ಮೀನು, ಸೊಪ್ಪು, ಅಕ್ಕಿ ಕಣ್ಣೆದುರು ಇರುವಾಗ ಸುಮ್ನೆ ನೋಡಿಕೊಂಡು ಬರಲು ನನ್ನಿಂದ ಆಗುವುದಿಲ್ಲ.

ಅದಕ್ಕೇ ಏನು ಅಡುಗೆ ಅಂತ ನಾನು ಊರಲ್ಲೇ ಕೂತು ತೀರ್ಮಾನ ಮಾಡುವುದಿಲ್ಲ. ಬೆಳಿಗ್ಗೆ ಪೇಟೆಯಲ್ಲಿ ಏನು ಸಿಕ್ಕಿತೋ ಅದೇ ಆ ದಿನದ ಊಟ. ಮನೆಯಿಂದ ಒಯ್ಯುವುದು ಅಲ್ಲಿ ಸಿಗದೇ ಇರುವಂಥದ್ದು ಮಾತ್ರ. ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಎಲ್ಲ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗುವವರನ್ನು ನೋಡಿದ್ದೇನೆ. ಆಮೇಲೆ ಅದನ್ನು ಖಾಲಿ ಮಾಡಬೇಕು ಅಂತಲೇ ಅಲ್ಲೂ ದಿನಾ ಬೇಳೆ ಸಾರು ಮಾಡುತ್ತಾರೆ. ಅಷ್ಟು ದೂರ ಹೋಗಿ ಅದ್ಯಾಕೆ ಅಲ್ವಾ?

ನನ್ನ ಚೀಲದಲ್ಲಿ ಒಂದು ಹರಿತವಾದ ಚಾಕು ಇರುತ್ತದೆ. ಬಾಡಿಗೆ ಮನೆಗಳ ಚಾಕು ಟೊಮೆಟೊ ಸಹ ಕತ್ತರಿಸುವುದಿಲ್ಲ. ಒಂದು ಸಣ್ಣ ಕಬ್ಬಿಣದ ತವೆ, ಯಾಕೆಂದರೆ ಅಲ್ಲಿನ ನಾನ್‌ಸ್ಟಿಕ್ ತವೆಗಳೆಲ್ಲ ಗೀಚಿ ಹೋಗಿರುತ್ತವೆ, ಮೀನು ಹಿಡಿದುಕೊಳ್ಳುತ್ತದೆ. ಮಸಾಲೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಅರಿಶಿನ, ಇಂಗು, ಕೊತ್ತಂಬರಿ ಪುಡಿ ಮತ್ತು ನಮ್ಮ ಕಡೆಯ ಬ್ಯಾಡಗಿ ಮೆಣಸಿನ ಪುಡಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ, ಹಾಗಾಗಿ ಮಗಳೂ ಉಣ್ಣುತ್ತಾಳೆ. ನಾಲ್ಕೈದು ಹಳೇ ಹತ್ತಿ ಬಟ್ಟೆಯ ತುಂಡು. ಗ್ಯಾಸ್ ಲೈಟರ್, ಮಳೆಗಾಲದಲ್ಲಿ ಅಲ್ಲಿ ಬೆಂಕಿಪೊಟ್ಟಣ ತೇವ ಹಿಡಿದು ಕಡ್ಡಿ ಹತ್ತುವುದೇ ಇಲ್ಲ. ಇಷ್ಟೇ.

ಮನೆ ಹಿಡಿಯುವ ಮೊದಲು ಫೋನಿನಲ್ಲಿ ಕೆಲವು ಮಾತು ಕೇಳಿಯೇ ಕೇಳುತ್ತೇನೆ. ಮೊದಲನೆಯದು, ಮೀನು-ಮೊಟ್ಟೆ ಬೇಯಿಸಬಹುದಾ ಅಂತ. ಗೋಕರ್ಣದಲ್ಲಿ ಗುಡಿಯ ಹತ್ತಿರದ ಕೆಲವು ಮನೆಗಳಲ್ಲಿ, ಶಿರಸಿ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಅದಕ್ಕೆ ಒಪ್ಪುವುದಿಲ್ಲ. ಅದು ಅವರ ಪಾತ್ರೆ, ಅವರ ಒಲೆ. ಇಲ್ಲ ಅಂದರೆ ಇಲ್ಲ, ಅಲ್ಲಿ ಸಸ್ಯಾಹಾರವೇ ಮಾಡುವುದು. ಎರಡನೆಯದು, ಮಿಕ್ಸರ್ ಇದೆಯಾ, ಇಲ್ಲದಿದ್ದರೆ ಒರಳಾದರೂ ಇದೆಯಾ. ಕುಕ್ಕರ್ ಬಗ್ಗೆ ಕೇಳುವಾಗ ಗ್ಯಾಸ್ಕೆಟ್ ಮತ್ತು ವಿಜಲ್ ಬಗ್ಗೆಯೂ ಕೇಳಬೇಕು. ಒಂದು ಮನೆಯಲ್ಲಿ ಕುಕ್ಕರ್ ಇತ್ತು, ಗ್ಯಾಸ್ಕೆಟ್ ಹರಿದಿತ್ತು. ಕುಡಿಯುವ ನೀರು ಬಾವಿಯದಾ, ನಳದ್ದಾ ಅನ್ನುವುದೂ ಮುಖ್ಯ. ಸಮುದ್ರಕ್ಕೆ ತೀರಾ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರು ಸ್ವಲ್ಪ ಉಪ್ಪಾಗುತ್ತದೆ. ಆ ನೀರಲ್ಲಿ ಅನ್ನಕ್ಕೆ, ಸಾರಿಗೆ ಉಪ್ಪು ಹಾಕುವ ಮೊದಲು ಒಂದು ಗುಟುಕು ಕುಡಿದು ನೋಡಬೇಕು.

ಮನೆ ಸೇರಿದ ಕೂಡಲೇ ನನ್ನ ಮೊದಲ ಕೆಲಸ ಸಿಲಿಂಡರ್. ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿ ಎರಡು ನಿಮಿಷ ಬಿಟ್ಟು ನೋಡುತ್ತೇನೆ. ಗ್ಯಾಸ್ ಖಾಲಿಯಾದ ಮೇಲಿನ ಭಾಗ ಬೇಗ ಒಣಗುತ್ತದೆ. ದ್ರವ ಇರುವ ಕಡೆ ತಂಪಾಗಿರುವುದರಿಂದ ತೇವ ಹಾಗೇ ನಿಲ್ಲುತ್ತದೆ. ಎಷ್ಟು ಉಳಿದಿದೆ ಅಂತ ಗೆರೆ ಎಳೆದ ಹಾಗೆ ಕಾಣುತ್ತದೆ. ಕೆಳಗೆ ನಾಲ್ಕು ಬೆರಳಷ್ಟೇ ತೇವ ಇದ್ದರೆ ಆಗಲೇ ಮನೆಯವರಿಗೆ ಹೇಳಿಬಿಡುತ್ತೇನೆ. ರಾತ್ರಿ ಎಂಟಕ್ಕೆ ಅರ್ಧ ಬೆಂದ ಅನ್ನ ಇಟ್ಟುಕೊಂಡು ಯಾರನ್ನು ಹುಡುಕುವುದು? ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಿ, ಬಿರುಕು ಇದ್ದರೆ ಬದಲಾಯಿಸಲು ಹೇಳಿ.

ಕರಾವಳಿಯ ಅಡುಗೆಮನೆಗೆ ಇನ್ನೊಂದು ಎಚ್ಚರಿಕೆ ಬೇಕು. ಮಧ್ಯಾಹ್ನದ ನಂತರ ಸಮುದ್ರದ ಗಾಳಿ ಜೋರಾಗುತ್ತದೆ. ಸಣ್ಣ ಉರಿಯಲ್ಲಿ ಇಟ್ಟ ಒಲೆ ಗೊತ್ತಾಗದಂತೆ ಆರಿಹೋಗುತ್ತದೆ, ಗ್ಯಾಸ್ ಮಾತ್ರ ಹೊರಗೆ ಬರುತ್ತಲೇ ಇರುತ್ತದೆ. ಸಮುದ್ರದ ಕಡೆಯ ಕಿಟಕಿ ಮುಚ್ಚಿ, ಎದುರಿನದನ್ನು ತೆರೆದಿಡುತ್ತೇನೆ. ಒಲೆ ಹಚ್ಚಿ ದಂಡೆಗೆ ಹೋಗುವುದಂತೂ ಇಲ್ಲವೇ ಇಲ್ಲ.

ಇನ್ನು ಪೇಟೆ. ಕಾರವಾರದಲ್ಲಿ ರವಿವಾರದ ಸಂತೆ ಇದೆ, ಆ ದಿನ ಅಲ್ಲಿದ್ದರೆ ಬಿಡಬೇಡಿ. ಅಂಕೋಲಾ, ಗೋಕರ್ಣ ಕಡೆ ಹಾಲಕ್ಕಿ ಸಮುದಾಯದ ಹೆಂಗಸರು ತಾವೇ ಬೆಳೆದ ಸೊಪ್ಪು ತರಕಾರಿ ತಂದು ಕೂತಿರುತ್ತಾರೆ. ಬಸಳೆ, ಹರಿವೆ, ಮೊಗೆಕಾಯಿ, ಬದನೆ. ಬೇಗ ಹೋದವರಿಗೆ ಒಳ್ಳೆಯದು ಸಿಗುತ್ತದೆ. ಬೇಸಿಗೆಯಲ್ಲಿ ಕುಮಟಾ ಹತ್ತಿರ ಹೆದ್ದಾರಿ ಬದಿಗೆ ಈರುಳ್ಳಿ ಜಡೆ ಕಟ್ಟಿ ತೂಗುಹಾಕಿರುತ್ತಾರೆ. ಸಿಹಿ ಈರುಳ್ಳಿ ಅದು, ಒಗ್ಗರಣೆಗೆ ಹಾಕಿ ಸುಡಬೇಡಿ. ಹಸಿಯಾಗಿ ಹೆಚ್ಚಿ ಮೊಸರಿಗೆ ಹಾಕಿದರೆ ಅದೇ ಒಂದು ಪಲ್ಯದಷ್ಟು. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವು ಬರುತ್ತದೆ. 2023ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಿಪ್ಪೆ ತೆಳು, ತಿರುಳು ದಂಡಿಯಾಗಿ. ಕೈಯಲ್ಲೇ ಕಿವುಚಿ, ತೆಂಗಿನ ಹಾಲು, ಬೆಲ್ಲ ಸೇರಿಸಿದರೆ ರಸಾಯನ ಸಿದ್ಧ. ಅದಕ್ಕೆ ಒಲೆಯೂ ಬೇಡ.

ಮೀನಿನ ವಿಷಯಕ್ಕೆ ಬರುತ್ತೇನೆ. ಕಾರವಾರದ ಬೈತಖೋಲ, ಗೋಕರ್ಣದ ಹತ್ತಿರದ ತದಡಿ ಬಂದರುಗಳಿಗೆ ದೋಣಿ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಒಟ್ಟು 61 ದಿನ. ಆಗ ನಾಡದೋಣಿಯ ಮೀನು, ಹೊಳೆ ಮೀನು, ಇಲ್ಲವೇ ಒಣಮೀನು. ರೇಟೂ ಜಾಸ್ತಿ. ಆ ತಿಂಗಳಲ್ಲಿ ಹೋಗುವವರು ಇಸೋಣ ಮೀನು ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬಾರದು. ಕೆಸುವಿನ ಎಲೆಯ ಪತ್ರೊಡೆ, ಕಳಲೆ ಎಲ್ಲ ಆಗಲೇ ಅಲ್ವಾ ಸಿಗುವುದು?

ಬಾಡಿಗೆ ಮನೆಗೆ ನಾನು ಯಾವಾಗಲೂ ಆರಿಸುವುದು ಬಂಗಡೆ. ಮುಳ್ಳು ಕಮ್ಮಿ, ಬೇಗ ಬೇಯುತ್ತದೆ, ಒಂದೇ ಪಾತ್ರೆ ಸಾಕು. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಹೊಟ್ಟೆ ಒತ್ತಿದರೆ ಬೆರಳಿನ ಗುರುತು ಉಳಿಯಬಾರದು. ಅಲ್ಲೇ ಹೆಚ್ಚಿ, ತೊಳೆದು ಕೊಡುವ ಹೆಂಗಸರಿರುತ್ತಾರೆ. ಅವರಿಗೆ ದುಡ್ಡು ಕೊಟ್ಟು ಮಾಡಿಸಿಕೊಳ್ಳಿ. ಗಲೀಜು ಮನೆಗೆ ಬರುವುದಿಲ್ಲ. ಆಮೇಲೆ ನೇರ ಮನೆಗೆ ಬರಬೇಕು. ಬಂಗಡೆಯನ್ನು ಬಿಸಿಲಿನ ಕಾರಲ್ಲಿಟ್ಟು ದೇವಸ್ಥಾನ ಸುತ್ತಿ ಬಂದರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹೆಚ್ಚುತ್ತದೆ. ಮೈ ಕೆಂಪಾಗಿ ತುರಿಸುತ್ತದೆ, ತಲೆನೋವು ಬರುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ದೂರ ಇದ್ದರೆ ಐಸ್ ಹಾಕಿಸಿಕೊಳ್ಳಿ.

ಮಿಕ್ಸರ್ ಇಲ್ಲದ ಮನೆಯಲ್ಲಿ ನಾನು ಮಾಡುವ ಬಂಗಡೆಯ ಹುಳಿ-ಖಾರ ಹೀಗೆ. ಐದಾರು ಬಂಗಡೆಗೆ ಎಂಟು ಸಿಪ್ಪೆ ಒಣ ಮುರುಗಲು, ಅಂದರೆ ಕೋಕಂ. ಕಾರವಾರದವರು ಅದಕ್ಕೆ ಸೋಲ ಅನ್ನುತ್ತಾರೆ. ಅದನ್ನು ಒಂದು ಲೋಟ ಬಿಸಿನೀರಲ್ಲಿ ನೆನೆಸುತ್ತೇನೆ. ಮೀನಿಗೆ ಅಡ್ಡ ಗೀರು ಹಾಕಿ ಅರಿಶಿನ ಸವರಿ ಇಡುತ್ತೇನೆ. ಪಾತ್ರೆಗೆ ಮುರುಗಲಿನ ನೀರು, ಸಿಪ್ಪೆ, ಜಜ್ಜಿದ ಶುಂಠಿ-ಬೆಳ್ಳುಳ್ಳಿ, ಸೀಳಿದ ಎರಡು ಹಸಿಮೆಣಸು, ಎರಡು ಚಮಚ ಬ್ಯಾಡಗಿ ಪುಡಿ. ಮೀನು ಹಾಕುವ ಮೊದಲೇ ಇದು ಐದು ನಿಮಿಷ ಕುದಿಯಬೇಕು, ಹಸಿ ಖಾರದ ವಾಸನೆ ಹೋಗಬೇಕು. ಆಮೇಲೆ ಮೀನು ಒಂದೇ ಸಾಲಿಗೆ ಜೋಡಿಸಿ, ಮುಳುಗುವಷ್ಟು ನೀರು. ಏಳೆಂಟು ನಿಮಿಷ ಸಾಕು. ಸೌಟು ಹಾಕಬಾರದು, ಮೀನು ಒಡೆಯುತ್ತದೆ. ಪಾತ್ರೆಯ ಅಂಚನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಬೇಕು. ಕೊನೆಗೆ ತೆಪ್ಪಳ ಅನ್ನುವ ಮಸಾಲೆ ಕಾಯಿ. ನಮ್ಮ ಕಡೆ ಅದು ಯಾರಿಗೂ ಗೊತ್ತಿಲ್ಲ, ಆದರೆ ಬಂಗಡೆಗೆ ಅದಿಲ್ಲದೆ ಆಗುವುದಿಲ್ಲ ಅನ್ನುವುದು ಆ ಊರಿನವರ ಮಾತು, ನನ್ನದೂ ಅದೇ ಮಾತು. ಒಳಗಿನ ಕರಿ ಬೀಜ ತೆಗೆದು ಬಿಸಾಡಿ, ಸಿಪ್ಪೆಯನ್ನಷ್ಟೇ ಜಜ್ಜಿ ಹಾಕಬೇಕು. ನಾಲಿಗೆ ಸ್ವಲ್ಪ ಜುಮ್ಮೆನ್ನುತ್ತದೆ, ಮೀನಿನ ಹಸಿ ವಾಸನೆ ಸುಳಿಯುವುದೇ ಇಲ್ಲ. ಒಲೆ ಆರಿಸಿ, ಒಂದು ಚಮಚ ಹಸಿ ತೆಂಗಿನೆಣ್ಣೆ ಮೇಲೆ ಹಾಕಿ, ಮುಚ್ಚಿ ಅರ್ಧ ತಾಸು ಬಿಡಿ.

ಉಪ್ಪಿನ ಮಾತು ಬೇಕಂತಲೇ ಕೊನೆಗೆ ಇಟ್ಟೆ. ಅಂಗಡಿಯ ಒಣ ಮುರುಗಲಿಗೆ ಬಹಳ ಸಲ ಉಪ್ಪು ಹಾಕಿಯೇ ಒಣಗಿಸಿರುತ್ತಾರೆ. ಹಾಗಾಗಿ ಮೀನು ಬೆಂದ ಮೇಲೆ ರುಚಿ ನೋಡಿ, ಬೇಕಾದರೆ ಮಾತ್ರ ಉಪ್ಪು ಹಾಕುತ್ತೇನೆ. ಅತ್ತೆಯ ಪಾಲನ್ನು ಅದಕ್ಕೂ ಮೊದಲೇ ಬೇರೆ ತೆಗೆದಿಡುತ್ತೇನೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ತಯಾರಾಗುತ್ತದೆ. ನಾನು ತರುವುದು ಅಲ್ಲಿನ ಹರಳುಪ್ಪು. ಹರಳು ದಪ್ಪ ಇರುವುದರಿಂದ ಚಮಚದ ಲೆಕ್ಕ ಪುಡಿಯುಪ್ಪಿನದ್ದಲ್ಲ. ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕುವುದು ಒಳ್ಳೆಯದು. ಇನ್ನೊಂದು, ಈ ಹುಳಿಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಬೇಡಿ. ಬಾಡಿಗೆ ಮನೆಯಲ್ಲಿ ಜಾಸ್ತಿ ಇರುವುದು ಅದೇ. ಮುರುಗಲಿನ ಹುಳಿ ಅಲ್ಯೂಮಿನಿಯಂ ಜೊತೆ ಸೇರಿ ರುಚಿ ಕೆಡಿಸುತ್ತದೆ. ಸ್ಟೀಲ್ ಅಥವಾ ಮಣ್ಣಿನ ಗಡಿಗೆ ಹುಡುಕಿ.

ಇದರ ಜೊತೆಗೆ ಕುಚ್ಚಲಕ್ಕಿ. ಬೇಯಲು ತುಂಬ ಹೊತ್ತು ಬೇಕು ಅಂತ ಹೊರಗಿನವರು ಹೆದರುತ್ತಾರೆ. ಕುಮಟಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟ ದಾರಿ ನನಗೆ ಬಹಳ ಉಪಯೋಗಕ್ಕೆ ಬಂತು. ಅಕ್ಕಿ ತೊಳೆದು ಜಾಸ್ತಿ ನೀರಲ್ಲಿ ಹತ್ತು ನಿಮಿಷ ಕುದಿಸಬೇಕು. ಒಲೆ ಆರಿಸಿ, ಗಟ್ಟಿಯಾಗಿ ಮುಚ್ಚಿ, ದಪ್ಪ ಬಟ್ಟೆ ಸುತ್ತಿ ಒಂದು ತಾಸು ಬಿಡಬೇಕು. ಅಷ್ಟರಲ್ಲಿ ಅಕ್ಕಿ ಬಿಸಿಯಲ್ಲೇ ಅರಳಿರುತ್ತದೆ. ಮತ್ತೆ ಹತ್ತು-ಹದಿನೈದು ನಿಮಿಷ ಕುದಿಸಿ ನೀರು ಬಸಿದರೆ ಅನ್ನ ಆಯಿತು. ನಾವು ಬೆಳಿಗ್ಗೆ ದಂಡೆಗೆ ಹೋಗುವ ಮೊದಲು ಕುದಿಸಿ ಒಲೆ ಆರಿಸಿ ಇಟ್ಟು, ಬಂದ ಮೇಲೆ ಮುಗಿಸುತ್ತೇವೆ. ಬಸಿದ ತಿಳಿಗೆ ಒಂಚೂರು ಉಪ್ಪು ಹಾಕಿ ಕುಡಿದರೆ ಬಿಸಿಲಲ್ಲಿ ಸುತ್ತಿ ಬಂದ ಸುಸ್ತು ಇಳಿಯುತ್ತದೆ. ಕುಮಟಾ ಕಡೆ ಮಾಣಿಕಟ್ಟೆಯಲ್ಲಿ ಅಘನಾಶಿನಿ ನದಿಯ ಗಜನಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಭೂಮಿಯಲ್ಲಿ ಬೆಳೆಯುವ ಕಗ್ಗ ಅಕ್ಕಿ ಸಿಕ್ಕರೆ ಬಿಡಬೇಡಿ. ಉಪ್ಪು ನೀರು ತಡೆದುಕೊಂಡು ಬೆಳೆಯುವ ಭತ್ತ ಅದು. ಬೆಳೆಯುವವರು ಕಮ್ಮಿಯಾಗುತ್ತಿದ್ದಾರೆ, ನಾವು ಕೊಂಡರೆ ತಾನೇ ಅವರೂ ಬೆಳೆಯುವುದು.

ಅಘನಾಶಿನಿಯ ಬಳಚು ಅನ್ನುವ ಚಿಪ್ಪು ಮೀನನ್ನೂ ಬೇಯಿಸಿದ್ದೇನೆ. ಉಪ್ಪು ನೀರಲ್ಲಿ ಎರಡು ತಾಸು ಬಿಟ್ಟರೆ ಮರಳು ಕಕ್ಕುತ್ತದೆ. ಬೇಯಿಸುವ ಮೊದಲು ಬಾಯಿ ತೆರೆದಿದ್ದು, ತಟ್ಟಿದರೂ ಮುಚ್ಚದಿದ್ದರೆ ಅದು ಸತ್ತಿದ್ದು. ಬೆಂದ ಮೇಲೂ ತೆರೆಯದೇ ಇದ್ದದ್ದನ್ನೂ ಬಿಸಾಡಿ.

ಘಟ್ಟ ಹತ್ತಿ ಶಿರಸಿ ಕಡೆಗೆ ಹೋದರೆ ಅಡುಗೆ ಇನ್ನೂ ಸುಲಭ. ಅಲ್ಲಿನ ತಂಬುಳಿ ಬಾಡಿಗೆ ಮನೆಗಾಗಿಯೇ ಹುಟ್ಟಿದ ಅಡುಗೆ ಅನ್ನಿಸುತ್ತದೆ. ತೋಟದ ಅಂಚಿಗೆ ಬೆಳೆದ ಒಂದೆಲಗವನ್ನೋ ಅಂಗಳದ ದೊಡ್ಡಪತ್ರೆಯನ್ನೋ ಮನೆಯವರನ್ನು ಕೇಳಿ ಕೊಯ್ದುಕೊಳ್ಳಬೇಕು. ಜೀರಿಗೆ, ಎರಡು ಕಾಳುಮೆಣಸು, ಒಂದು ಹಿಡಿ ಕಾಯಿತುರಿ ಸೇರಿಸಿ ಅರೆದು ಮಜ್ಜಿಗೆಗೆ ಹಾಕಿದರೆ ಮುಗಿಯಿತು. ದೊಡ್ಡಪತ್ರೆಯನ್ನು ಮಾತ್ರ ಚೂರು ತುಪ್ಪದಲ್ಲಿ ಬಾಡಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಹೋದರೆ ಒರಳೇ ಗತಿ, ರುಚಿಯೂ ಅದರಲ್ಲೇ ಜಾಸ್ತಿ. ಮಾವಿನಕಾಯಿ ಸಿಕ್ಕರೆ ಅಪ್ಪೆಹುಳಿ. ಬೇಯಿಸಿ, ಕಿವುಚಿ, ನೀರು ಬೆರೆಸಿ, ಹಸಿಮೆಣಸು ನುರಿದು, ಸಾಸಿವೆ-ಇಂಗಿನ ಒಗ್ಗರಣೆ. ಅನ್ನಕ್ಕೆ ಒಂದು ಸೌಟು ಹಾಕಿದರೆ ಲೋಟಕ್ಕೆ ಎರಡು ಸೌಟು, ನಮ್ಮ ಮನೆಯಲ್ಲಿ ಹಾಗೆ. ಅತ್ತೆ ಹುಬ್ಬಳ್ಳಿಯಲ್ಲೂ ಈಗ ಅಪ್ಪೆಹುಳಿ ಕೇಳುತ್ತಾರೆ.

ಮೀನಿನ ಕಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೇಟಿನ ಹೊರಗಿಟ್ಟರೆ ನಾಯಿ, ಕಾಗೆ ರಸ್ತೆ ತುಂಬ ಹರಡುತ್ತವೆ. ಮನೆಯವರನ್ನು ಕೇಳಿ ತೆಂಗಿನ ಬುಡದಲ್ಲಿ ಮೊಳದುದ್ದ ಗುಂಡಿ ತೋಡಿ ಹೂಳುತ್ತೇವೆ. ಅದು ಮರಕ್ಕೂ ಗೊಬ್ಬರ. ಪಾತ್ರೆಯ ಮೀನಿನ ವಾಸನೆಗೆ ಸಾರಿನಲ್ಲಿ ಬಿದ್ದ ಮುರುಗಲು ಸಿಪ್ಪೆಯಿಂದಲೇ ಉಜ್ಜಿ, ಆಮೇಲೆ ಸೋಪು. ನಮ್ಮ ನಂತರ ಬರುವವರು ಮೀನು ತಿನ್ನದವರಿರಬಹುದು, ಅವರಿಗೂ ಆ ಪಾತ್ರೆ ಬೇಕು.

ವಾಪಸು ಬರುವಾಗ ಮುರುಗಲು, ತೆಪ್ಪಳ, ಸಾಣಿಕಟ್ಟೆ ಉಪ್ಪು, ಶಿರಸಿಯ ಜೋನಿಬೆಲ್ಲ ತಂದೇ ತರುತ್ತೇವೆ. ಜೋನಿಬೆಲ್ಲ ನೀರಾಗಿರುತ್ತದೆ, ಘಟ್ಟದ ತಿರುವಿನಲ್ಲಿ ಮುಚ್ಚಳ ಸಡಿಲವಾದರೆ ಸೀಟೆಲ್ಲ ಅಂಟು. ಅದಕ್ಕೆ ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಿಯನ್ನು ಮನೆಯಿಂದಲೇ ಒಯ್ಯಿರಿ.