ಕೊಯ್ಲಿಗೆ ಬರುವ ಸಂಸಾರ, ರೈಟರ್ ಲೆಕ್ಕದ ಪುಸ್ತಕ

ಮೂಡಿಗೆರೆ, ಸಕಲೇಶಪುರ ಕಡೆಯ ಎಷ್ಟೋ ಕಾಫಿ ತೋಟಗಳಲ್ಲಿ ಅಸ್ಸಾಂ ಕಡೆಯವರು ಬಾರದಿದ್ದರೆ ಕೊಯ್ಲು ಮುಗಿಯುವುದಿಲ್ಲ. ಬರುವುದು ಗಂಡ, ಹೆಂಡತಿ, ಒಂದೆರಡು ಚಿಕ್ಕ ಮಕ್ಕಳು. ಊರಲ್ಲಿ ಇವರ ದುಡ್ಡಿಗೇ ಕಾದಿರುವ ಅಪ್ಪ ಅಮ್ಮ. ನವೆಂಬರ್‌ನಲ್ಲಿ ಅರೇಬಿಕಾ ಶುರುವಾದರೆ ರೊಬಸ್ಟಾ, ಮೆಣಸು ಮುಗಿಯುವ ಹೊತ್ತಿಗೆ ಮಾರ್ಚ್ ಕಳೆಯುತ್ತದೆ. ಅಷ್ಟು ತಿಂಗಳ ದುಡಿಮೆ ಪೂರ್ತಿ ಅವರ ಮನೆಗೆ ತಲುಪಬೇಕಾದರೆ ಒಳ್ಳೆಯ ಕೂಲಿ ದರವೊಂದೇ ಸಾಲದು. ದುಡ್ಡು ಸೋರುವ ಜಾಗಗಳು ಬೇರೆಯೇ ಇವೆ. ತೋಟದ ಹಾಜರಿ, ಕೂಲಿ ಲೆಕ್ಕ ಬರೆಯುವ ರೈಟರ್ ಕೆಲಸದಲ್ಲಿ ಅವನ್ನು ಒಂದೊಂದಾಗಿ ಮುಚ್ಚಿಕೊಂಡು ಬಂದ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲನೆಯದು ತೂಕ. ಕಿಲೋ ಲೆಕ್ಕದ ಕೊಯ್ಲಿನಲ್ಲಿ ಜಗಳ ಹುಟ್ಟುವುದೇ ಚೀಲದ ಕಡಿತದಿಂದ. ಒಣಗಿದ ಗೋಣಿಚೀಲಕ್ಕೂ ಬೆಳಗಿನ ಇಬ್ಬನಿಯಲ್ಲಿ ನೆಂದ ಚೀಲಕ್ಕೂ ತೂಕ ಒಂದೇ ಅಲ್ಲ. ಅದಕ್ಕೇ ಎಷ್ಟೋ ಕಡೆ ಕಣ್ಣಂದಾಜಿನಲ್ಲಿ ಚೀಲಕ್ಕೆ ಎರಡು ಕಿಲೋ ಮುರಿಯುತ್ತಾರೆ. ದಿನಕ್ಕೆ ಮೂರು ಚೀಲ ತುಂಬುವವನಿಗೆ ಅದು ಆರು ಕಿಲೋ. ಹಣ್ಣು ಸುರಿದ ಮೇಲೆ ಖಾಲಿ ಚೀಲವನ್ನು ಅದೇ ತಕ್ಕಡಿಗೆ ಹಾಕಿ, ಬಂದಷ್ಟನ್ನೇ ಕಳೆಯಬೇಕು. ನೇತು ಹಾಕುವ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಕುಯ್ದವರ ಕಣ್ಣಿಗೂ ಕಾಣುವಂತಿರಲಿ. ಎಲೆ, ಹಸಿರು ಕಾಯಿ ಆರಿಸುವ ಕೆಲಸ ತೂಕಕ್ಕೆ ಮೊದಲೇ, ತಾಡಪಾಲಿನ ಮೇಲೆ ಆಗಬೇಕು. ತೂಗಿ ಆದಮೇಲೆ 'ಕಾಯಿ ಜಾಸ್ತಿ ಇತ್ತು' ಎಂದು ಮುರಿದುಕೊಳ್ಳುವುದು ಮೋಸವೇ.

ಬರೆಯುವಾಗ ಗಂಡ ಹೆಂಡತಿಗೆ ಬೇರೆ ಬೇರೆ ಸಾಲು. ಇಬ್ಬರೂ ಕುಯ್ದದ್ದನ್ನು ಗಂಡನ ಹೆಸರಿಗೆ ಬರೆಯುವ ರೂಢಿ ಬಿಡಬೇಕು; ಹಾಗೆ ಬರೆದರೆ ಹಾಜರಿ, ಕೂಲಿ, ಬೋನಸ್ ಯಾವುದರಲ್ಲೂ ಆ ಹೆಣ್ಣುಮಗಳು ಇಲ್ಲವೇ ಇಲ್ಲ. ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ತೋಟದ ಪುಸ್ತಕದ ಜೊತೆಗೆ ಅವರ ಕೈಯಲ್ಲೂ ಒಂದು ಚಿಕ್ಕ ನೋಟ್‌ಬುಕ್ ಇರಬೇಕು. ಕನ್ನಡ ಓದಲು ಬಾರದಿದ್ದರೂ 1, 2, 3 ಎಲ್ಲರಿಗೂ ಗೊತ್ತು, ಆ ಅಂಕಿಗಳಲ್ಲೇ ಬರೆದುಕೊಡಿ.

ಸೀಸನ್ ಪೂರ್ತಿ ಒಂದೇ ಕಿಲೋ ದರ ಇಟ್ಟರೆ ಕೆಲಸ ಕೆಡುತ್ತದೆ. ಅರೇಬಿಕಾದಲ್ಲಿ ಹಣ್ಣು ಒಮ್ಮೆಲೇ ಆಗುವುದಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ಅದೇ ಗಿಡಕ್ಕೆ ಮರಳಬೇಕು. ಮೊದಲ ಸುತ್ತಿನಲ್ಲಿ ಗಿಡಕ್ಕೆ ಒಂದು ಹಿಡಿ ಹಣ್ಣು ಸಿಕ್ಕರೆ ಹೆಚ್ಚು. ಆಗ ಕಿಲೋ ದರ ಎಂದರೆ ಹೊಟ್ಟೆಪಾಡಿಗೆ ಹಸಿರು ಕಾಯನ್ನೂ ಕಿತ್ತು ಹಾಕುತ್ತಾರೆ, ನಷ್ಟ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಮೊದಲ ಸುತ್ತಿಗೂ ಕೊನೆಯಲ್ಲಿ ಉದುರು ಹಣ್ಣು ಹೆಕ್ಕುವುದಕ್ಕೂ ದಿನಗೂಲಿ, ನಡುವಿನ ತುಂಬು ಕೊಯ್ಲಿಗೆ ಕಿಲೋ ಲೆಕ್ಕ. ಕಿಲೋ ಲೆಕ್ಕದ ದಿನವೂ ತೋಟದಲ್ಲಿ ಹಣ್ಣು ಕಡಿಮೆಯಿರುವ ಭಾಗ ಬಂದರೆ ದಿನಗೂಲಿಗಿಂತ ಕೆಳಗೆ ಇಳಿಸಬಾರದು.

ಮುಂಗಡದ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಕರೆತರುವ ಮೇಸ್ತ್ರಿಯ ಕಮಿಷನ್ ತೋಟದ ಖರ್ಚು, ಕೆಲಸಗಾರನ ಕೂಲಿಯಿಂದ ಒಂದು ರೂಪಾಯಿಯೂ ಹೋಗಕೂಡದು. ಮುಂಗಡವನ್ನು ಮೇಸ್ತ್ರಿ ಕೈಗೆ ಕೊಡದೆ ಅವರ ಖಾತೆಗೇ ಹಾಕಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು, ವಾರದ ಕೂಲಿಯ ಕಾಲು ಭಾಗ ಮೀರದಂತೆ ಹಿಡಿಯುತ್ತೇವೆ. ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಆಧಾರ್ ಕಾರ್ಡ್ ತೆಗೆದಿಟ್ಟುಕೊಳ್ಳುವವರಿದ್ದಾರೆ. ಸಾಲದ ಹೆಸರಿನಲ್ಲಿ ಆಳನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ. ಜೆರಾಕ್ಸ್ ಪ್ರತಿ ಸಾಕು, ಅಸಲು ಅವರ ಹತ್ತಿರವೇ ಇರಲಿ.

ವಾರದ ಬಟವಾಡೆ ಸಂತೆಯ ಹಿಂದಿನ ದಿನ. ಸಂತೆ ಖರ್ಚಿಗೆ ಬೇಕಾದಷ್ಟು ಕೈಗೆ, ಉಳಿದದ್ದು ಖಾತೆಗೆ. ಇಲ್ಲೊಂದು ತೊಡಕಿದೆ. ಪೂರ್ತಿ ಕೆವೈಸಿ, ಅಂದರೆ ಗುರುತು ವಿಳಾಸದ ದಾಖಲೆ ಪರಿಶೀಲನೆ, ಇಲ್ಲದೆ ತೆರೆದ 'ಸಣ್ಣ ಖಾತೆ'ಗೆ ವರ್ಷಕ್ಕೆ 1 ಲಕ್ಷ ರೂಪಾಯಿ ಜಮಾ, 50,000 ರೂಪಾಯಿ ಬಾಕಿ, ತಿಂಗಳಿಗೆ 10,000 ರೂಪಾಯಿ ತೆಗೆಯುವ ಮಿತಿಯಿದೆ. ಸೀಸನ್ ಕೊನೆಗೆ ದೊಡ್ಡ ಮೊತ್ತ ಹಾಕಿದರೆ ಮಿತಿ ಮೀರಿ ಸಿಕ್ಕಿಬೀಳುತ್ತದೆ. ಊರಲ್ಲಿ ಮನೆಯವರು ಕಾಯುತ್ತಿರುತ್ತಾರೆ. ಬಂದ ಮೊದಲ ವಾರವೇ ಬ್ಯಾಂಕಿಗೆ ಕರೆದೊಯ್ದು ಕೆವೈಸಿ ಪೂರ್ತಿ ಮಾಡಿಸಿ, ಈಗಿನ ಮೊಬೈಲ್ ನಂಬರ್ ಜೋಡಿಸಬೇಕು.

ಪಡಿತರಕ್ಕೆ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ ಇದೆ, ಅಸ್ಸಾಂ ಅದಕ್ಕೆ ಸೇರಿದ್ದು 2022ರ ಜೂನ್‌ನಲ್ಲಿ. ಊರಿನ ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದರೆ ನಮ್ಮ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಸಿಗುತ್ತದೆ. ಎಚ್ಚರ ಬೇಕಾದ ಮಾತೆಂದರೆ, ಆದ್ಯತಾ ಕಾರ್ಡಿನಲ್ಲಿ ತಲೆಗೆ 5 ಕಿಲೋ. ಆರು ಜನರ ಕಾರ್ಡಿನ ಪೂರ್ತಿ ಅಕ್ಕಿಯನ್ನು ಇಲ್ಲೇ ತೆಗೆದರೆ ಊರಲ್ಲಿರುವ ಅಜ್ಜ ಅಜ್ಜಿಗೆ ಆ ತಿಂಗಳು ಏನೂ ಇಲ್ಲ. ಇಲ್ಲಿರುವವರ ಪಾಲಷ್ಟೇ ಬೇಕೆಂದು ಬೆರಳಿಡುವ ಮೊದಲೇ ಅಂಗಡಿಯವರಿಗೆ ಹೇಳಬೇಕು. ಕೊಯ್ಲಿನ ದಿನಗಳಲ್ಲಿ ಹಣ್ಣಿನ ಅಂಟು ಕೂತು ಬೆರಳ ತುದಿ ಕಪ್ಪಾಗಿ, ಬಿರುಕು ಬಿಟ್ಟಿರುತ್ತದೆ. ಯಂತ್ರ ಗುರುತು ಹಿಡಿಯುವುದಿಲ್ಲ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕಿ, ಬೆಳಿಗ್ಗೆ ಬಿಸಿನೀರಲ್ಲಿ ತೊಳೆದು ಹೋದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಆಗದಿದ್ದರೆ ಬೇರೆ ಬೆರಳು, ಇಲ್ಲವೇ ಹೆಂಡತಿಯ ಬೆರಳು.

ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನ್ ಮನೆ ಒಂದು ಸಂಸಾರಕ್ಕೆ ಒಂದು. ಎರಡು ಸಂಸಾರ ಸೇರಿಸಿದರೆ ಒಂದು ತಿಂಗಳೊಳಗೆ ಒಬ್ಬರು ಹೊರಡುತ್ತಾರೆ. ಹೊಗೆ ಹೋಗಲು ಗೂಡು, ಬಾಗಿಲು ಭದ್ರವಾದ ಪಾಯಿಖಾನೆ, ಮೊಬೈಲ್ ಚಾರ್ಜಿಗೆ ಪ್ಲಗ್ ಬೇಕು. ಸಂಜೆ ಊರಿಗೆ ಮಾತಾಡಲು ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಸ್ಥಿತಿ ಇರಬಾರದು, ಆನೆ ಓಡಾಡುವ ಜಾಗದಲ್ಲಂತೂ ಅದು ಪ್ರಾಣಕ್ಕೇ ಬರುತ್ತದೆ. ಆನೆಯ ಸುಳಿವು ಬಂದ ದಿನ ಬೆಳಕು ಚೆನ್ನಾಗಿ ಹರಿಯುವವರೆಗೆ ಯಾರನ್ನೂ ತೋಟಕ್ಕೆ ಇಳಿಸುವುದಿಲ್ಲ. ಕೊಪ್ಪ, ಎನ್.ಆರ್. ಪುರ ಕಡೆಯ ತೋಟಗಳಾದರೆ ಮಂಗನ ಕಾಯಿಲೆಯ ಭಯವೂ ಇದೆ. ಅದನ್ನು ಹರಡುವ ಉಣ್ಣೆ ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಸಿಯೇ ಕಳಿಸಬೇಕು.

ಮೂರು ವರ್ಷ ತುಂಬಿದ ಮಕ್ಕಳಿಗೆ ಅಂಗನವಾಡಿ, ಆರು ತುಂಬಿದವರಿಗೆ ಸರ್ಕಾರಿ ಶಾಲೆ. ಟಿಸಿ ಇಲ್ಲವೆಂದು ಶಾಲೆ ಸೇರಿಸದೆ ಇರುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ತಂದೆಯ ಜೊತೆ ನಾವೂ ಹೋಗಿ ಮೇಷ್ಟ್ರ ಹತ್ತಿರ ಮಾತಾಡಿದರೆ ಅವರಿಗೆ ಧೈರ್ಯ. ಮಕ್ಕಳು ಶಾಲೆಯಲ್ಲಿದ್ದರೆ ತಾಯಿ ನಿಶ್ಚಿಂತೆಯಿಂದ ಕುಯ್ಯುತ್ತಾಳೆ.

ಶಾಲೆ ಮುಗಿಯುವುದು ಏಪ್ರಿಲ್ ಹತ್ತರ ಸುಮಾರಿಗೆ, ಊರಿನ ಬಿಹು ಏಪ್ರಿಲ್ ನಡುವಿಗೆ. ಹಬ್ಬಕ್ಕೆ ಮನೆ ಸೇರಬೇಕೆಂದರೆ ದಿನ ತೀರಾ ಬಿಗಿ. ಬೆಂಗಳೂರಿನಿಂದ ಗುವಾಹಟಿಗೆ ರೈಲಿನಲ್ಲಿ ಎರಡು ದಿನಕ್ಕೂ ಹೆಚ್ಚು, ಟಿಕೆಟ್ ಸಿಗುವುದು 60 ದಿನ ಮೊದಲು. ಫೆಬ್ರವರಿ ಎರಡನೇ ವಾರದಲ್ಲೇ ಕೂತು ಕಾದಿರಿಸುತ್ತೇವೆ. ತಡವಾದರೆ ಮಕ್ಕಳನ್ನು ಕಟ್ಟಿಕೊಂಡು ಜನರಲ್ ಬೋಗಿಯೇ ಗತಿ. ಹೊರಡುವ ವಾರಕ್ಕೆ ಮುಂಚೆ ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟು ಲೆಕ್ಕ ಚುಕ್ತಾ, ಶಾಲೆಯಿಂದ ಮಗುವಿನ ವ್ಯಾಸಂಗ ಪ್ರಮಾಣಪತ್ರ, ದಾರಿ ಖರ್ಚಿಗೆ ಕೈಯಲ್ಲಿ ಸ್ವಲ್ಪ ನಗದು. ದೊಡ್ಡ ಮೊತ್ತ ಖಾತೆಗೆ ಬಿದ್ದಿದೆಯೇ ಎಂದು ರೈಲು ಹತ್ತುವ ಮೊದಲೇ ಅವರ ಮೊಬೈಲಿನಲ್ಲಿ ನೋಡಿಸಿಕೊಳ್ಳಬೇಕು.